ಉಯಿಲು ಹರಿದ ರಾಣಿ

ಗೇಮ್ ಆಫ್ ಥ್ರೋನ್ಸ್, ಮೊದಲ ಸೀಸನ್, ಏಳನೇ ಎಪಿಸೋಡ್. ಎಚ್‌ಬಿಒದಲ್ಲಿ ಬಂದದ್ದು 2011ರ ಮೇ 29ರಂದು. ಇನ್ನೂ ನೋಡಿಲ್ವಾ? ಇಲ್ಲೇ ನಿಲ್ಲಿಸಿಬಿಡಿ, ಕಥೆ ಪೂರ್ತಿ ಹೇಳ್ತೀನಿ.

ಕಾಡುಹಂದಿ ತಿವಿದು ರಾಜ ರಾಬರ್ಟ್ ಸಾಯ್ತಿದ್ದಾನೆ. ಅವನು ಹೇಳ್ತಾನೆ, ಗೆಳೆಯ ನೆಡ್ ಸ್ಟಾರ್ಕ್ ಉಯಿಲು ಬರ್ಕೊಳ್ತಾನೆ. ರಾಜ ಹೇಳೋದು 'ನನ್ನ ಮಗ ಜಾಫ್ರಿ' ಅಂತ. ನೆಡ್ ಲೇಖನಿ ಬರೆಯೋದು 'ನನ್ನ ನ್ಯಾಯವಾದ ವಾರಸುದಾರ' ಅಂತ. ಜಾಫ್ರಿ ರಾಜನ ಮಗನೇ ಅಲ್ಲ ಅನ್ನೋದು ನೆಡ್‌ಗೆ ಗೊತ್ತು. ನೋಡಿ, ಸತ್ಯವಂತನೂ ಸಾಯೋ ಗೆಳೆಯನ ಕಣ್ಣೆದುರೇ ಮಾತು ಬದಲಿಸಿಬಿಟ್ಟ!

ಅದೇ ರಾತ್ರಿ ರಾಜನ ತಮ್ಮ ರೆನ್ಲಿ ಜಾಫ್ರಿಯನ್ನ ವಶಕ್ಕೆ ತಗೊಳ್ಳೋಕೆ ನೂರು ಕತ್ತಿ ಕೊಡ್ತೀನಿ ಅಂತಾನೆ. ನೆಡ್ ಬೇಡ ಅಂತಾನೆ. ನಗರದ ಕಾವಲುಪಡೆಯನ್ನ ದುಡ್ಡು ಕೊಟ್ಟು ಒಲಿಸೋ ಕೆಲಸ ರಾಜನ ಖಜಾನೆ ಮಂತ್ರಿ ಲಿಟಲ್‌ಫಿಂಗರ್‌ಗೆ ಒಪ್ಪಿಸ್ತಾನೆ. ಯಾರಿಗೆ? 'ನನ್ನ ನಂಬಬೇಡ' ಅಂತ ತಾನೇ ಬಾಯಿಬಿಟ್ಟು ಹೇಳಿದ್ದವನಿಗೆ!

ದರ್ಬಾರಿನಲ್ಲಿ ಜಾಫ್ರಿಯ ತಾಯಿ ರಾಣಿ ಸರ್ಸಿ ಉಯಿಲನ್ನ ಓದಿ, ಪರಪರ ಹರಿದುಹಾಕ್ತಾಳೆ. ಕಾವಲಿನವರ ಈಟಿ ನೆಡ್‌ನ ಆಳುಗಳ ಬೆನ್ನಿಗೇ ಇಳಿಯುತ್ತೆ. ಲಿಟಲ್‌ಫಿಂಗರ್ ಕಠಾರಿ ನೆಡ್ ಕುತ್ತಿಗೆಗೆ.

ಎಲ್ಲರೂ ಬೈಯೋದು ಲಿಟಲ್‌ಫಿಂಗರ್‌ನ. ಆದ್ರೆ 'ನಿನ್ನ ಗುಟ್ಟು ಗೊತ್ತಾಗಿದೆ, ಮಕ್ಕಳನ್ನ ಕರ್ಕೊಂಡು ಓಡಿಹೋಗು' ಅಂತ ಇದೇ ಎಪಿಸೋಡಿನಲ್ಲಿ ರಾಣಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದು ಯಾರು? ನೆಡ್ ಸ್ಟಾರ್ಕೇ!