ಇಳಿಜಾರಿನಲ್ಲಿ ಸೈಕಲ್: ಮೈಭಾರ ಎಲ್ಲಿ, ಬ್ರೇಕ್ ಯಾವಾಗ?



ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ದಾರಿಗಳು ನಿಮಗೆ ಗೊತ್ತೇ ಇವೆ. ಕರಿಕಲ್ಲಿನ ದಿನ್ನೆ, ಮುರುಮಿನ ಇಳಿಜಾರು, ಎರೆಹೊಲದ ಬಂಡಿದಾರಿ. ಇಂಥ ದಾರಿಯಲ್ಲಿ ಸೈಕಲ್ ಓಡಿಸುವುದೇ ಒಂದು ಆಟ. ಅದಕ್ಕೆ ‘ಮೌಂಟೇನ್ ಬೈಕಿಂಗ್’ ಅಂತಾರೆ. 1996ರಲ್ಲಿ ಅದು ಒಲಿಂಪಿಕ್ಸ್‌ಗೂ ಸೇರಿತು. ಕಲಿಯಲು ದುಬಾರಿ ಸೈಕಲ್ ಬೇಕಿಲ್ಲ. ಎರಡೂ ಬ್ರೇಕ್ ಸರಿಯಾಗಿರಬೇಕು, ತಲೆಗೆ ಹೆಲ್ಮೆಟ್ ಇರಬೇಕು. ಉಳಿದದ್ದು ನಿಮ್ಮ ವಿಜ್ಞಾನದ ಪಾಠದಲ್ಲೇ ಇದೆ.

ಮೈಭಾರ ಎಲ್ಲಿ?

ಕಲ್ಲು ಬಂದಾಗ ಸೀಟಿನಿಂದ ತುಸು ಮೇಲೇಳಿ. ಎರಡೂ ಪೆಡಲ್ ಸಮಮಟ್ಟದಲ್ಲಿರಲಿ, ಇಲ್ಲದಿದ್ದರೆ ಕೆಳಗಿನದು ಕಲ್ಲಿಗೆ ಬಡಿಯುತ್ತದೆ. ಮೊಣಕಾಲು, ಮೊಣಕೈ ಮಡಚಿ ಸಡಿಲ ಬಿಡಿ. ಕಟ್ಟೆಯಿಂದ ಜಿಗಿಯುವಾಗ ಮೊಣಕಾಲು ಮಡಚ್ತೀರಲ್ಲ, ಹಾಗೆ. ಆಘಾತದ ಸಮಯ ಹೆಚ್ಚಾದಷ್ಟೂ ಮೈಗೆ ತಾಗುವ ಬಲ ಕಡಿಮೆ.

ಇಳಿಯುವಾಗ ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ತನ್ನಿ. ಗುರುತ್ವ ಕೇಂದ್ರ ಮುಂದಿನ ಚಕ್ರದ ಕಡೆ ವಾಲಿದರೆ ಹ್ಯಾಂಡಲ್ ಮೇಲಿಂದ ಮುಗ್ಗರಿಸುವ ಅಪಾಯ. ಏರುವಾಗ ಸೀಟಿನ ಮೇಲೆ ಕೂತೇ ಮುಂದೆ ಬಾಗಿ. ಪೂರ್ತಿ ಎದ್ದು ನಿಂತರೆ ಹಿಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ಅದು ಮುರುಮಿನಲ್ಲಿ ಜಾರುತ್ತದೆ.

ಬ್ರೇಕ್ ಯಾವಾಗ?

‘ಮುಂದಿನ ಬ್ರೇಕ್ ಮುಟ್ಟಲೇಬೇಡ’ ಎಂದು ಹಲವರು ಹೇಳ್ತಾರೆ. ಅದು ಅರ್ಧ ಸತ್ಯ. ಬ್ರೇಕ್ ಹಿಡಿದಾಗ ಭಾರ ಮುಂದಿನ ಚಕ್ರಕ್ಕೆ ಸರಿಯುತ್ತದೆ. ಹಿಂದಿನ ಚಕ್ರ ಹಗುರಾಗಿ, ಅದೊಂದನ್ನೇ ಜೋರಾಗಿ ಹಿಡಿದರೆ ತಿರುಗುವುದು ನಿಂತು ಜಾರುತ್ತದೆ. ಹಾಗಂತ ಮುಂದಿನದನ್ನು ಒಮ್ಮೆಲೇ ಒತ್ತಿದರೆ ಪಲ್ಟಿ. ಆದ್ದರಿಂದ ಎರಡನ್ನೂ ಒಟ್ಟಿಗೆ, ಮೆಲ್ಲಗೆ ಒತ್ತಿ.

ತಿರುವಿಗೆ ಮೊದಲೇ ವೇಗ ಇಳಿಸಿ. ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆ ಇಷ್ಟೇ ಅಂತ ಇರುತ್ತದೆ. ಅದನ್ನು ಬ್ರೇಕಿಗೇ ಖರ್ಚು ಮಾಡಿದರೆ ತಿರುಗಲು ಉಳಿಯುವುದಿಲ್ಲ.

ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು. ಗಂಟೆಗೆ 10 ಕಿ.ಮೀ. ವೇಗದಲ್ಲಿ 2 ಮೀಟರಿಗೆ ನಿಲ್ಲುವ ಸೈಕಲ್, ಅದೇ ನೆಲದಲ್ಲಿ 20 ಕಿ.ಮೀ. ವೇಗಕ್ಕೆ 8 ಮೀಟರ್ ಬೇಡುತ್ತದೆ. ಇಳಿಜಾರಿನಲ್ಲಿ ಇನ್ನೂ ಹೆಚ್ಚು.

ಈ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಹಳೆಯ ಸೈಕಲ್‌ಗಳಲ್ಲಿ ಗುಡ್ಡ ಇಳಿಯುವ ಪಂದ್ಯ ಶುರು ಮಾಡಿದರು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಡುತ್ತಿತ್ತು. ಪ್ರತಿಸಲ ಹೊಸ ಗ್ರೀಸ್ ತುಂಬಬೇಕಿತ್ತು!

ಇನ್ನೆರಡು ಮಾತು

ಕಣ್ಣು ಚಕ್ರದ ಮುಂದಿನ ಕಲ್ಲಿನ ಮೇಲಲ್ಲ, ನೀವು ಹೋಗಬೇಕಾದ ದಾರಿಯ ಮೇಲಿರಲಿ. ಮಳೆ ಬಿದ್ದಾಗ ಎರೆಮಣ್ಣಿನಲ್ಲಿ ಸೈಕಲ್ ಹತ್ತಬೇಡಿ. ಆ ಜೇಡಿ ನೀರು ಕುಡಿದು ಉಬ್ಬಿ, ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ಅಲ್ಲಿ ಇಳಿದು ತಳ್ಳುವುದೇ ಜಾಣತನ.

ಮಾಡಿ ನೋಡಿ

ಶಾಲೆಯ ಮೈದಾನದಲ್ಲಿ, ಸಮನೆಲದ ಮೇಲೆ ಒಂದು ಗೆರೆ ಎಳೆಯಿರಿ. ನಿಧಾನವಾಗಿ ಬಂದು ಗೆರೆಯ ಹತ್ತಿರ ಎರಡೂ ಬ್ರೇಕ್ ಮೆಲ್ಲಗೆ ಒತ್ತಿ, ನಿಂತ ದೂರ ಅಳೆಯಿರಿ. ನಂತರ ತುಸು ಹೆಚ್ಚು ವೇಗದಲ್ಲಿ ಬಂದು ಮತ್ತೆ ಅಳೆಯಿರಿ. ಎಷ್ಟು ಹೆಚ್ಚಾಯಿತು? ಆ ಅಂಕಿಯನ್ನು ನೆನಪಿಟ್ಟುಕೊಂಡೇ ಇಳಿಜಾರಿಗೆ ಹೋಗಿ.