75 ಸೆಕೆಂಡು

ಅಮೆರಿಕದ ಡೆನ್ವರ್‌ನ ಮಕ್ಕಳ ಆಸ್ಪತ್ರೆಯ ವೈದ್ಯರು 2008ರಲ್ಲಿ ಮೂರು ಕೂಸುಗಳ ಹೃದಯ ಕಸಿಯ ವಿವರ ಪ್ರಕಟಿಸಿದರು. ದಾನಿಗಳೂ ಹಸುಗೂಸುಗಳೇ. ಹುಟ್ಟುವಾಗ ಉಸಿರುಕಟ್ಟಿ ಅವುಗಳ ಮಿದುಳು ತೀವ್ರವಾಗಿ ಹಾಳಾಗಿತ್ತು, ಆದರೆ ಪೂರ್ತಿ ಸತ್ತಿರಲಿಲ್ಲ. ಹೆತ್ತವರು ಒಪ್ಪಿದ ಮೇಲೆ ವೆಂಟಿಲೇಟರ್ ತೆಗೆದು, ಹೃದಯ ನಿಲ್ಲುವುದನ್ನು ಕಾದರು. ಅದು ನಿಂತ ಮೇಲೆ ಮೊದಲ ಮಗುವಿಗೆ ಮೂರು ನಿಮಿಷ, ಉಳಿದೆರಡಕ್ಕೆ ಬರೀ 75 ಸೆಕೆಂಡು ಬಿಟ್ಟು ಸಾವು ಘೋಷಿಸಿದರು. ಹೃದಯ ಪಡೆದ ಮೂರೂ ಕೂಸುಗಳು ಆರು ತಿಂಗಳಾದರೂ ಬದುಕಿದ್ದವು.

ನೀತಿಶಾಸ್ತ್ರಜ್ಞ ರಾಬರ್ಟ್ ವೀಚ್ ಎತ್ತಿದ ಆಕ್ಷೇಪ ಸರಳ. ಮತ್ತೆಂದೂ ಬಡಿಯಲಾರದಂತೆ ಹೃದಯ ನಿಂತಿತು ಎಂದೇ ಅಲ್ಲವೇ ಸಾವು ಘೋಷಿಸಿದ್ದು? ಹಾಗಾದರೆ ಇನ್ನೊಂದು ಎದೆಯಲ್ಲಿ ಬಡಿಯುತ್ತಿರುವುದೇನು?

ಮೂತ್ರಪಿಂಡದ ವಿಷಯದಲ್ಲಿ ಈ ಪೇಚು ಹುಟ್ಟುವುದಿಲ್ಲ. ಸಾವಿನ ಹಳೆಯ ಗುರುತೇ ನಿಂತ ಹೃದಯ. ಕಸಿಗೆ ಬೇಕಾದದ್ದು ಬಡಿಯಬಲ್ಲ ಹೃದಯ. 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯರಿಂದ ಮನುಷ್ಯರಿಗೆ ಮೊದಲ ಹೃದಯ ಕಸಿ ಮಾಡಿದ ಮರುವರ್ಷವೇ ಹಾರ್ವರ್ಡ್‌ನ ಸಮಿತಿಯೊಂದು ಮಿದುಳಿನ ಸಾವನ್ನೇ ಸಾವೆಂದು ಪರಿಗಣಿಸಲು ಸೂಚಿಸಿತು. ಅಂಗಾಂಗ ಪಡೆಯುವಾಗಿನ ವಿವಾದ ತಪ್ಪಿಸುವುದೂ ಒಂದು ಕಾರಣವೆಂದು ವರದಿಯಲ್ಲೇ ಬರೆಯಿತು. ಮುಚ್ಚುಮರೆಯಿಲ್ಲದ ಮಾತೇನೋ ಹೌದು, ಆದರೆ ಅನುಮಾನಕ್ಕೆ ಬೀಜವೂ ಅದೇ. ಭಾರತದ 1994ರ ಕಾಯಿದೆಯೂ ಮಿದುಳುಕಾಂಡದ ಸಾವನ್ನು ಒಪ್ಪಿದೆ. ನಮ್ಮ ಪತ್ರಿಕೆಗಳು ಮಾತ್ರ ಇಂದಿಗೂ 'ಮಿದುಳು ನಿಷ್ಕ್ರಿಯಗೊಂಡ ವ್ಯಕ್ತಿ' ಎಂದೇ ಬರೆಯುತ್ತವೆ. ಅದನ್ನು ಓದಿದವರಿಗೆ ಆ ವ್ಯಕ್ತಿ ಇನ್ನೂ ಇದ್ದಾನೆ ಎನ್ನಿಸಿದರೆ ತಪ್ಪು ಓದುಗರದಲ್ಲ.

ವೀಚ್‌ಗೆ ಸಿಕ್ಕ ಉತ್ತರ ಜಾಣತನದ್ದು. ಆ ಹೃದಯ ಮತ್ತೆ ಬಡಿಯಬಲ್ಲದು, ಆದರೆ ಆ ದೇಹದೊಳಗೆ ತಾನಾಗಿ ಬಡಿಯುವುದಿಲ್ಲ, ಯಾರೂ ಬಡಿಸುವುದೂ ಇಲ್ಲ. ಸಾವಿಗೆ ಅಷ್ಟು ಸಾಕು ಎಂದರು. ನಾನೂ ಅದನ್ನು ಒಪ್ಪುತ್ತಿದ್ದೆ. ಆದರೆ ಈಚಿನ ಒಂದು ವಿಧಾನದಲ್ಲಿ ಸಾವು ಘೋಷಿಸಿದ ಬಳಿಕ ಪಂಪಿನಿಂದ ರಕ್ತ ಹರಿಸಿ, ದಾನಿಯ ಎದೆಯೊಳಗೇ ಹೃದಯವನ್ನು ಮತ್ತೆ ಬಡಿಸುತ್ತಾರೆ. ಹೃದಯ ಚೇತರಿಸಿಕೊಂಡಿತೇ ಎಂದು ಅಲ್ಲೇ ನೋಡಬಹುದು, ಕಸಿಗೂ ಅನುಕೂಲ. ಅದಕ್ಕೆ ಮುಂಚೆ, ಮಿದುಳಿಗೆ ಹೋಗುವ ರಕ್ತನಾಳಗಳಿಗೆ ಕ್ಲಾಂಪ್ ಹಾಕುತ್ತಾರೆ.

ಸತ್ತವರ ಮಿದುಳಿಗೆ ರಕ್ತ ಹೋದರೇನಂತೆ? ಹೋಗಬಾರದೆಂದು ಬಿಗಿಯುವ ಕೈಗೆ ಆ ಸಾವಿನ ಬಗ್ಗೆ ಪೂರ್ತಿ ನಂಬಿಕೆಯಿಲ್ಲ ಎಂದೇ ನನಗೆ ತೋರುತ್ತದೆ. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2021ರಲ್ಲಿ ಈ ವಿಧಾನವನ್ನು ಸದ್ಯಕ್ಕೆ ನಿಲ್ಲಿಸಿ ಎಂದಿತು. ಹೃದಯಕ್ಕಾಗಿ ಕಾಯುತ್ತಿರುವವರ ಪಟ್ಟಿ ಹಿಡಿದ ಶಸ್ತ್ರವೈದ್ಯರು ಮುಂದುವರಿಸಬೇಕು ಎನ್ನುತ್ತಾರೆ. ಸಹಿ ಹಾಕಲು ಕೂತ ತಾಯಿಗೆ ಆ ಕ್ಲಾಂಪಿನ ವಿಷಯ ಯಾರು, ಯಾವ ಮಾತಿನಲ್ಲಿ ಹೇಳಬೇಕು ಎಂಬುದಂತೂ ಇಬ್ಬರ ಮುಂದೆಯೂ ಇದೆ.