ಪೆನ್‌ಡ್ರೈವ್ ಇಲ್ಲದ ಇನ್‌ಸ್ಟಾಲೇಷನ್

ಖಾಲಿ ಡಿಸ್ಕಿನ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹಾಕಲು ಪೆನ್‌ಡ್ರೈವೇ ಬೇಕೆಂದಿಲ್ಲ. ಯಂತ್ರದ ಫರ್ಮ್‌ವೇರ್‌ನಲ್ಲಿ ಅಡಗಿರುವ ಪುಟ್ಟ ಪ್ರೋಗ್ರಾಮೊಂದು ನೆಟ್‌ವರ್ಕಿನಲ್ಲಿರುವ ಸರ್ವರನ್ನು ಹುಡುಕಿ, ಅಲ್ಲಿಂದ ಇನ್‌ಸ್ಟಾಲರನ್ನು ತರಿಸಿಕೊಂಡು ಕೆಲಸ ಶುರು ಮಾಡಬಲ್ಲದು. ಪಿಎಕ್ಸ್‌ಇ ಎಂಬ ಈ ವ್ಯವಸ್ಥೆಯನ್ನು ರೂಪಿಸಿದ್ದು ಇಂಟೆಲ್. 1999ರಲ್ಲಿ ಹೊರಬಂದ ಅದರ 2.1ನೇ ಆವೃತ್ತಿಯ ಮೇಲೆಯೇ ಇಂದಿನ ಬಹುಪಾಲು ಬಳಕೆ ನಿಂತಿದೆ.

ಒಂದೆರಡು ಯಂತ್ರಗಳಿಗಾಗಿ ಇಷ್ಟೆಲ್ಲ ಉಸಾಬರಿ ಬೇಡ, ಪೆನ್‌ಡ್ರೈವೇ ವಾಸಿ. ಕಾಲೇಜಿನ ಲ್ಯಾಬಿನಲ್ಲಿ 40 ಯಂತ್ರಗಳಿದ್ದರೆ ಮಾತು ಬೇರೆ. ಇಳಿಸಬೇಕಾದ ಕಡತಗಳು ಯಂತ್ರವೊಂದಕ್ಕೆ 2 ಜಿಬಿ ಎಂದು ಹಿಡಿದರೂ ಒಟ್ಟು 80 ಜಿಬಿ ಆಯಿತು. 100 ಎಂಬಿಪಿಎಸ್ ಇಂಟರ್‌ನೆಟ್ ಎಲ್ಲೂ ತಡವರಿಸದೆ ಓಡಿದರೂ ಅಷ್ಟನ್ನು ಇಳಿಸಲು ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ಲ್ಯಾಬಿನೊಳಗಿನ ಗಿಗಾಬಿಟ್ ಸ್ವಿಚ್ಚಿಗೆ, ಕಾಗದದ ಲೆಕ್ಕದಲ್ಲಿ, ಅದು 11 ನಿಮಿಷದ ಕೆಲಸ.

ಲ್ಯಾಬಿನೊಳಗೇ ಇಂಥ ಸರ್ವರ್ ಹೂಡಲು ಉದಾಹರಣೆಗೆ ಉಚಿತವಾಗಿ ಸಿಗುವ ಆಲ್ಮಾಲಿನಕ್ಸ್ 9 ಅನ್ನು ತೆಗೆದುಕೊಳ್ಳಬಹುದು. ಅದರ ಪೂರ್ಣ ಡಿವಿಡಿಯ ಐಎಸ್‌ಒ ಕಡತ ಸುಮಾರು 10 ಜಿಬಿ ಇದೆ. ಇಳಿಸಿಕೊಂಡ ಕೂಡಲೇ ಅದರ ಚೆಕ್‌ಸಮ್ ತಾಳೆ ನೋಡಬೇಕು. ಒಂದು ಕಡತ ಕೆಟ್ಟಿದ್ದರೆ 40 ಯಂತ್ರಗಳೂ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ಬಳಿಕ ಐಎಸ್‌ಒವನ್ನು ಮೌಂಟ್ ಮಾಡಿ, ಒಳಗಿರುವುದನ್ನೆಲ್ಲ ಅಪಾಚೆ ಅಥವಾ ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರಿನ ಫೋಲ್ಡರಿಗೆ ನಕಲಿಸಬೇಕು. ಅನೇಕರು ಎಡವುವುದು ಇಲ್ಲಿಯೇ. ಫೋಲ್ಡರಿನಲ್ಲಿರುವುದು ಯಾವ ಆವೃತ್ತಿ, ಅದರೊಳಗಿನ ವಿಂಗಡಣೆ ಹೇಗೆ ಎಲ್ಲವನ್ನೂ ಇನ್‌ಸ್ಟಾಲರಿಗೆ ತಿಳಿಸುವ ‘ಟ್ರೀಇನ್ಫೋ’ ಕಡತದ ಹೆಸರು ಚುಕ್ಕೆಯಿಂದ ಶುರುವಾಗುತ್ತದೆ. ಲಿನಕ್ಸಿನಲ್ಲಿ ಅಂಥವು ಮರೆಯಲ್ಲಿರುವ ಕಡತಗಳು. ನಕ್ಷತ್ರ ಚಿಹ್ನೆ ಹಾಕಿ ನಕಲಿಸಿದರೆ ಅದು ಹಿಂದೆಯೇ ಉಳಿದುಬಿಡುತ್ತದೆ. ಎಲ್ಲ ಸರಿಯಿದ್ದಂತೆ ಕಂಡರೂ ಇನ್‌ಸ್ಟಾಲರ್ ಮಾತ್ರ ‘ಮೂಲ ಸಿಗಲಿಲ್ಲ’ ಎಂದು ಹಟ ಹಿಡಿಯುತ್ತದೆ. ಕಡತಗಳನ್ನು ನಕಲಿಸದೆ ಬೇರೆ ಫೋಲ್ಡರಿನಿಂದ ಸರಿಸಿ ತಂದರೆ ಇನ್ನೊಂದು ತೊಡಕು: ಲಿನಕ್ಸಿನ ಭದ್ರತಾ ವ್ಯವಸ್ಥೆಯಾದ ಎಸ್ಇಲಿನಕ್ಸ್ ಹಚ್ಚಿದ ಹಳೆಯ ಗುರುತು ಅವುಗಳ ಜೊತೆಗೇ ಬರುತ್ತದೆ, ವೆಬ್ ಸರ್ವರಿಗೆ ಓದುವ ಅನುಮತಿ ಸಿಗುವುದಿಲ್ಲ.

ಹಳೆಯ ಫರ್ಮ್‌ವೇರ್‌ಗೆ ವೆಬ್ ಭಾಷೆ ತಿಳಿಯದು. ಅದಕ್ಕೆ ಗೊತ್ತಿರುವುದು ಟಿಎಫ್‌ಟಿಪಿ ಮಾತ್ರ. 1992ರಲ್ಲಿ ಈಗಿನ ರೂಪ ತಳೆದ ಈ ವಿಧಾನದಲ್ಲಿ ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ, ಫೋಲ್ಡರಿನಲ್ಲಿ ಏನಿದೆ ಎಂದು ಕೇಳುವ ದಾರಿಯೂ ಇಲ್ಲ. 512 ಬೈಟಿನ ಒಂದು ತುಣುಕು ಕಳಿಸಿ, ತಲುಪಿತೆಂಬ ಉತ್ತರ ಬಂದ ಮೇಲಷ್ಟೇ ಮುಂದಿನದು. ಆ ಗತಿಯಲ್ಲಿ 100 ಎಂಬಿ ಎಂದರೆ ಸುಮಾರು ಎರಡು ಲಕ್ಷ ತುಣುಕು, ಅಷ್ಟೇ ಉತ್ತರ. ಮುಂದೆ ತುಣುಕಿನ ಗಾತ್ರ ಹಿಗ್ಗಿಸಲು ಅವಕಾಶ ಬಂತಾದರೂ ವೇಗಕ್ಕೆ ಇದು ಹೆಸರಾಗಲಿಲ್ಲ. ಆದ್ದರಿಂದ ಬೂಟ್‌ಲೋಡರ್, ಕರ್ನೆಲ್, ಆರಂಭಕ್ಕೆ ಬೇಕಾದ ಕಡತಗಳ ಕಟ್ಟಾದ ಇನಿಟ್‌ಆರ್‌ಡಿ ಇಷ್ಟನ್ನೇ ಟಿಎಫ್‌ಟಿಪಿಗೆ ಒಪ್ಪಿಸಿ, ಉಳಿದ ಭಾರವನ್ನೆಲ್ಲ ವೆಬ್ ಸರ್ವರಿಗೆ ಬಿಡುವುದು ವಾಡಿಕೆ. ಬೂಟ್‌ಲೋಡರಿನ ಮೆನು ಕಡತದಲ್ಲಿ ವೆಬ್ ಫೋಲ್ಡರಿನ ವಿಳಾಸ ಬರೆದಿಟ್ಟರೆ ಇನ್‌ಸ್ಟಾಲರ್ ಅಲ್ಲಿಗೆ ತಾನೇ ಹೋಗುತ್ತದೆ.

ಆದರೆ ಈಗಷ್ಟೇ ಕಣ್ಣು ಬಿಟ್ಟ ಯಂತ್ರಕ್ಕೆ ತನ್ನ ಐಪಿ ವಿಳಾಸವೇ ಗೊತ್ತಿಲ್ಲ, ಟಿಎಫ್‌ಟಿಪಿ ಸರ್ವರ್ ಎಲ್ಲಿದೆಯೆಂದು ಗೊತ್ತಾಗುವ ಬಗೆ ಹೇಗೆ? ಅದನ್ನು ತಿಳಿಸುವ ಹೊಣೆ ಡಿಎಚ್‌ಸಿಪಿಯದು. ಐಪಿ ಹಂಚುವಾಗಲೇ ಅದು ಬೂಟ್ ಸರ್ವರಿನ ವಿಳಾಸವನ್ನೂ ಮೊದಲು ತರಿಸಬೇಕಾದ ಕಡತದ ಹೆಸರನ್ನೂ ಹೇಳಿಬಿಡುತ್ತದೆ. ಎಲ್ಲ ಯಂತ್ರಗಳಿಗೂ ಒಂದೇ ಕಡತ ಸಲ್ಲದು. ಹಳೆಯ ಬಯಾಸ್ ಯಂತ್ರಕ್ಕೆ ಪಿಎಕ್ಸ್‌ಇಲಿನಕ್ಸ್ ಎಂಬ ಬೂಟ್‌ಲೋಡರ್ ಬೇಕು. ಯುಇಎಫ್‌ಐ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿಯಿರುವ ಶಿಮ್ ಎಂಬ ಪುಟ್ಟ ಪ್ರೋಗ್ರಾಮ್ ಮೊದಲು ಬಂದು ಗ್ರಬ್ ಬೂಟ್‌ಲೋಡರಿಗೆ ದಾರಿ ಬಿಡಬೇಕು. ಯಂತ್ರ ತಾನು ಯಾವ ಬಗೆಯದೆಂದು ಕೋರಿಕೆಯಲ್ಲೇ ಸಾರುವುದರಿಂದ ಡಿಎಚ್‌ಸಿಪಿ ಅದನ್ನು ನೋಡಿ ಕಡತ ಆರಿಸುವಂತೆ ನಿಯಮ ಬರೆಯಬಹುದು.

ಈ ಕೆಲಸದಲ್ಲಿ ನಿಜಕ್ಕೂ ಎಚ್ಚರ ಬೇಕಾದ ಜಾಗ ಇದೇ. ಕಚೇರಿಯ ರೌಟರ್ ಆಗಲೇ ಐಪಿ ಹಂಚುತ್ತಿದ್ದರೆ, ಇನ್ನೊಂದು ಡಿಎಚ್‌ಸಿಪಿ ಹೂಡುವುದೆಂದರೆ ಒಂದೇ ಊರಿಗೆ ಇಬ್ಬರು ಶಾನುಭೋಗರನ್ನು ಕೂರಿಸಿದಂತೆ. ಯಾರ ಉತ್ತರ ಮೊದಲು ತಲುಪಿತೋ ಅದನ್ನೇ ಯಂತ್ರ ನಂಬಬಹುದು, ಸಂಬಂಧವಿಲ್ಲದವರ ಇಂಟರ್‌ನೆಟ್ ಕೂಡ ನಿಲ್ಲಬಹುದು. ಪ್ರಯೋಗಕ್ಕೆ ಪ್ರತ್ಯೇಕ ಸ್ವಿಚ್ ಇಟ್ಟುಕೊಳ್ಳುವುದು ಕ್ಷೇಮ. ಅದು ಆಗದಿದ್ದರೆ ಡಿಎನ್‌ಎಸ್‌ಮಾಸ್ಕ್ ಎಂಬ ಹಗುರ ತಂತ್ರಾಂಶವನ್ನು ಪ್ರಾಕ್ಸಿ ರೀತಿಯಲ್ಲಿ ಬಳಸಬಹುದು. ಆಗ ಐಪಿ ಹಂಚಿಕೆ ರೌಟರಿನ ಕೈಯಲ್ಲೇ ಉಳಿದು, ಬೂಟ್ ಮಾಹಿತಿಯಷ್ಟನ್ನು ಇದು ಸೇರಿಸುತ್ತದೆ. ಟಿಎಫ್‌ಟಿಪಿ ಕೆಲಸವನ್ನೂ ಇದೇ ಮಾಡುವುದರಿಂದ ಸಣ್ಣ ಲ್ಯಾಬಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದು ಅಪರೂಪ. ಫೈರ್‌ವಾಲ್‌ನಲ್ಲಿ ಡಿಎಚ್‌ಸಿಪಿಯ 67, ಟಿಎಫ್‌ಟಿಪಿಯ 69, ವೆಬ್ ಸರ್ವರಿನ 80ನೇ ಪೋರ್ಟುಗಳು ತೆರೆದಿರಬೇಕು; ಪ್ರಾಕ್ಸಿ ರೀತಿಯಾದರೆ 4011 ಕೂಡ.

ಇಷ್ಟಾದರೂ ಭಾಷೆ, ಸಮಯ ವಲಯ, ಡಿಸ್ಕ್ ವಿಂಗಡಣೆ ಎಂದು ಪ್ರತಿ ಯಂತ್ರದ ಮುಂದೆ ಕೂತು ಉತ್ತರಿಸುವುದು ತಪ್ಪಲಿಲ್ಲ. ಆ ಉತ್ತರಗಳನ್ನೆಲ್ಲ ಬರೆದಿಡುವ ಪಠ್ಯ ಕಡತಕ್ಕೆ ಆಲ್ಮಾಲಿನಕ್ಸ್ ಸೇರಿದ ರೆಡ್ ಹ್ಯಾಟ್ ಬಳಗದಲ್ಲಿ ಕಿಕ್‌ಸ್ಟಾರ್ಟ್ ಎನ್ನುತ್ತಾರೆ. ಡೆಬಿಯನ್‌ನಲ್ಲಿ ಅದು ಪ್ರಿಸೀಡ್. ಕಿಕ್‌ಸ್ಟಾರ್ಟನ್ನು ಮೊದಲಿನಿಂದ ಬರೆಯುವ ಕಷ್ಟ ಬೇಡ. ಒಂದು ಯಂತ್ರಕ್ಕೆ ಕೈಯಾರೆ ಇನ್‌ಸ್ಟಾಲ್ ಮಾಡಿದರೆ ಕೊಟ್ಟ ಉತ್ತರಗಳ ಪ್ರತಿಯನ್ನು ಇನ್‌ಸ್ಟಾಲರೇ ರೂಟ್ ಬಳಕೆದಾರನ ಫೋಲ್ಡರಿನಲ್ಲಿ ಬಿಟ್ಟುಹೋಗುತ್ತದೆ. ಅದನ್ನು ತಿದ್ದಿಕೊಂಡರಾಯಿತು. ವೆಬ್ ಸರ್ವರಿನಲ್ಲಿರುವ ಈ ಕಡತವನ್ನು ಆ ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ಓದಬಹುದಾದ್ದರಿಂದ ಪಾಸ್‌ವರ್ಡನ್ನು ಇದ್ದಂತೆಯೇ ಬರೆಯದೆ ಹ್ಯಾಷ್ ರೂಪದಲ್ಲಿ ಇಡಬೇಕು, ಇನ್‌ಸ್ಟಾಲ್ ಮುಗಿದ ಮೇಲೆ ಬದಲಿಸಬೇಕು.

ಸ್ವಯಂಚಾಲಿತ ಇನ್‌ಸ್ಟಾಲೇಷನ್ನಿಗೆ ಡಿಸ್ಕ್ ಅಳಿಸುವಾಗ ಕೇಳುವ ಅಭ್ಯಾಸವಿಲ್ಲ. ಬೂಟ್ ಕ್ರಮದಲ್ಲಿ ನೆಟ್‌ವರ್ಕ್ ಮೊದಲಿದ್ದು ಮೆನು ತನ್ನಿಂತಾನೆ ಆರಿಸಿಕೊಳ್ಳುವುದು ಇನ್‌ಸ್ಟಾಲೇಷನ್ ಆಗಿದ್ದರೆ, ಕೆಲಸ ಮುಗಿಸಿ ರೀಸ್ಟಾರ್ಟ್ ಆದ ಯಂತ್ರ ಮತ್ತೆ ಡಿಸ್ಕ್ ಅಳಿಸಿ ಮೊದಲಿನಿಂದ ಹೊರಡುತ್ತದೆ. ರಜೆಯ ಬಳಿಕ ಯಾರೋ ಆನ್ ಮಾಡಿದ ಯಂತ್ರದಲ್ಲಿದ್ದ ವಿದ್ಯಾರ್ಥಿಗಳ ಕೆಲಸವೂ ಹೀಗೆ ಹೋಗಬಹುದು. ಮೆನುವಿನ ಮೊದಲ ಆಯ್ಕೆ ‘ಸ್ಥಳೀಯ ಡಿಸ್ಕಿನಿಂದ ಬೂಟ್’ ಆಗಿದ್ದು, ಇನ್‌ಸ್ಟಾಲೇಷನ್ನನ್ನು ಕೀ ಒತ್ತಿ ಆರಿಸುವಂತಿರಬೇಕು.

ಹೊಸ ಆವೃತ್ತಿ ಬಂದಾಗ ಹಳೆಯ ಫೋಲ್ಡರಿನ ಮೇಲೆಯೇ ಸುರಿಯದೆ ಬೇರೆ ಫೋಲ್ಡರ್ ಮಾಡುವುದು ಒಳ್ಳೆಯದು. ಕರ್ನೆಲ್, ಇನಿಟ್‌ಆರ್‌ಡಿ, ವೆಬ್ ಫೋಲ್ಡರ್ ಮೂರೂ ಒಂದೇ ಐಎಸ್‌ಒದಿಂದ ಬಂದಿರಬೇಕು. 9.3ರ ಕರ್ನೆಲಿಗೆ 9.4ರ ಫೋಲ್ಡರ್ ತೋರಿಸಿದರೆ ಇನ್‌ಸ್ಟಾಲರ್ ಅರ್ಧಕ್ಕೇ ನಿಂತುಬಿಡಬಹುದು. ಹೊಸದನ್ನು ಒಂದು ಯಂತ್ರದ ಮೇಲೆ ಪರೀಕ್ಷಿಸಿ, ಮೆನುವಿನ ಸಾಲು ಬದಲಿಸಿ, ಬಳಿಕವೇ ಹಳೆಯ ಫೋಲ್ಡರ್ ಅಳಿಸಬೇಕು.